ಬಿಳಿ ಪಂಚೆ ಮಂಕು, ಕಪ್ಪು ಕೋಟು ಬೂದು: ಫ್ಲ್ಯಾಶ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸರ್, ಅಕ್ಕನ ಮದುವೆಯಲ್ಲಿ ಮೊದಲ ಸಲ ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ. ದೊಡ್ಡ ಕ್ಯಾಮೆರಾ ಏನಲ್ಲ, ಕಿಟ್ ಲೆನ್ಸು, ಮೇಲೊಂದು ಟಿಟಿಎಲ್ ಫ್ಲ್ಯಾಶ್. ಬೆಳಿಗ್ಗೆ ಧಾರೆಯ ಹೊತ್ತಿಗೆ ಭಾವ ಬಿಳಿ ಪಂಚೆ, ಬಿಳಿ ಶಲ್ಯದಲ್ಲಿದ್ದರು. ಅವರ ಮುಖ ಎಲ್ಲ ಫೋಟೋದಲ್ಲೂ ಮಂಕಾಗಿದೆ. ಸಂಜೆ ರಿಸೆಪ್ಷನ್‌ಗೆ ಕಪ್ಪು ಕೋಟು ಹಾಕಿದ್ದರು. ಅದೇ ಮುಖ ಸುಣ್ಣ ಬಳಿದ ಹಾಗೆ ಬಂದಿದೆ, ಕೋಟು ಬೂದು ಬಣ್ಣಕ್ಕೆ ತಿರುಗಿದೆ. ಕ್ಯಾಮೆರಾನೂ ಅದೇ, ಫ್ಲ್ಯಾಶೂ ಅದೇ, ಒಂದು ಸೆಟ್ಟಿಂಗೂ ಮುಟ್ಟಿಲ್ಲ. ನಡುನಡುವೆ ಕೆಲವು ಫೋಟೋ ಸುಮಾರಾಗಿ ಕಪ್ಪೇ. ಟಿಟಿಎಲ್ ಅಂದ್ರೆ ಕ್ಯಾಮೆರಾನೇ ಲೆಕ್ಕ ಹಾಕಿಕೊಳ್ಳುತ್ತದೆ ಅಂತ ಅಂಗಡಿಯವರು ಹೇಳಿದ್ದರು. ಈಗ ಮ್ಯಾನ್ಯುಯಲ್‌ಗೆ ಹೋಗಬೇಕಾ? ಫ್ಲ್ಯಾಶ್ ಮೀಟರ್ ತಗೋಬೇಕಾ? ತೆಗೆದಿರುವ ಫೋಟೋಗಳನ್ನು ಏನು ಮಾಡಲಿ?

ಉತ್ತರ: ಮೊದಲು ಒಂದು ಸಮಾಧಾನ. ನಿಮ್ಮ ಫ್ಲ್ಯಾಶ್ ಕೆಟ್ಟಿಲ್ಲ. ಕ್ಯಾಮೆರಾನೂ ಕೆಟ್ಟಿಲ್ಲ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ, ಅರ್ಧ ಹೇಳಿ ಬಿಟ್ಟರು ಅಷ್ಟೇ. ಕ್ಯಾಮೆರಾ ಲೆಕ್ಕ ಹಾಕಿದ್ದು ನಿಜ. ಆದರೆ ಅದು ಅಳೆದದ್ದು ಭಾವನ ಪಂಚೆಯನ್ನು, ಭಾವನನ್ನಲ್ಲ. ಸಂಜೆ ಅಳೆದದ್ದು ಕೋಟನ್ನು. ನೀವು ಸೆಟ್ಟಿಂಗ್ ಮುಟ್ಟಲಿಲ್ಲ ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದೇ ಅಲ್ಲಿ. ಬೆಳಿಗ್ಗೆಯಿಂದ ಸಂಜೆಗೆ ಬಟ್ಟೆ ಬದಲಾಯಿತು, ಸೆಟ್ಟಿಂಗ್ ಬದಲಾಗಲಿಲ್ಲ.

ಟಿಟಿಎಲ್ ಅಂದರೆ ‘ಥ್ರೂ ದ ಲೆನ್ಸ್’, ಲೆನ್ಸ್ ಮೂಲಕ ಒಳಗೆ ಬಂದ ಬೆಳಕನ್ನು ಅಳೆಯುವ ಪದ್ಧತಿ. ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ನೀವು ಗುಂಡಿ ಒತ್ತಿದ ತಕ್ಷಣ, ಶಟರ್ ತೆರೆಯುವುದಕ್ಕೂ ಮುಂಚೆ, ಫ್ಲ್ಯಾಶ್ ಒಂದು ಸಣ್ಣ ಮಿಂಚು ಹೊಡೆಯುತ್ತದೆ. ಇದಕ್ಕೆ ಪ್ರೀ-ಫ್ಲ್ಯಾಶ್ ಅನ್ನುತ್ತಾರೆ. ಆ ಬೆಳಕು ಎದುರಿಗಿರುವುದಕ್ಕೆ ತಾಗಿ ವಾಪಸ್ ಬಂದು ಲೆನ್ಸ್ ಒಳಗೆ ಹೋಗುತ್ತದೆ. ಎಷ್ಟು ವಾಪಸ್ ಬಂತು ಅಂತ ಕ್ಯಾಮೆರಾ ನೋಡಿ, ನಿಜವಾದ ಫ್ಲ್ಯಾಶ್ ಎಷ್ಟು ಜೋರಾಗಿ ಹೊಡೆಯಬೇಕು ಅಂತ ತೀರ್ಮಾನಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕ್ಯಾನನ್ ಈ ಪ್ರೀ-ಫ್ಲ್ಯಾಶ್ ಪದ್ಧತಿಯನ್ನು 1995ರಲ್ಲಿ ಇ-ಟಿಟಿಎಲ್ ಅಂತ ತಂದಿತು, ನಿಕಾನ್‌ನ ಐ-ಟಿಟಿಎಲ್ 2003ರಲ್ಲಿ ಬಂತು. ಅದಕ್ಕೂ ಮುಂಚೆ, 1970ರ ದಶಕದ ಒಲಿಂಪಸ್ ಓಎಂ-2ರಂಥ ಕ್ಯಾಮೆರಾಗಳಲ್ಲಿ ಫಿಲ್ಮ್ ಮೇಲೆ ಬಿದ್ದು ಚದುರಿದ ಬೆಳಕನ್ನೇ ಅಳೆದು, ಸಾಕು ಅನ್ನಿಸಿದಾಗ ಫ್ಲ್ಯಾಶನ್ನು ಕತ್ತರಿಸುತ್ತಿದ್ದರು. ದಾರಿ ಬೇರೆಯಾದರೂ ಕುರುಡು ಒಂದೇ. ವಾಪಸ್ ಬಂದ ಬೆಳಕು ಎಷ್ಟು ಅಂತ ಅದಕ್ಕೆ ಗೊತ್ತು. ಯಾವುದರಿಂದ ಬಂತು ಅಂತ ಗೊತ್ತಿಲ್ಲ.

ಹಾಗಾಗಿ ಅದು ಒಂದು ಊಹೆ ಇಟ್ಟುಕೊಂಡಿದೆ. ಎದುರಿಗಿರುವುದೆಲ್ಲ ಸೇರಿಸಿ ನೋಡಿದರೆ ನಡುಮಟ್ಟದ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ಮಾತ್ರ ವಾಪಸ್ ಕೊಡುವ ವಸ್ತು ಅನ್ನುವ ಊಹೆ. ಬಿಳಿ ಪಂಚೆ ಅದಕ್ಕಿಂತ ಎಷ್ಟೋ ಜಾಸ್ತಿ ವಾಪಸ್ ಕೊಡುತ್ತದೆ. ಕ್ಯಾಮೆರಾ “ಅಯ್ಯೋ ಬೆಳಕು ಜಾಸ್ತಿಯಾಯ್ತು” ಅಂತ ಫ್ಲ್ಯಾಶನ್ನು ಇಳಿಸುತ್ತದೆ. ಪಂಚೆ ಮಾಸಲು ಬೂದಾಗುತ್ತದೆ, ಅದರ ಜೊತೆಗೇ ಮುಖವೂ ಮುಳುಗುತ್ತದೆ. ಕಪ್ಪು ಕೋಟು ಬೆಳಕನ್ನೆಲ್ಲ ನುಂಗುತ್ತದೆ. ಕ್ಯಾಮೆರಾ “ಸಾಲದು, ಸಾಲದು” ಅಂತ ಏರಿಸುತ್ತದೆ. ಕೋಟು ಬೂದಿಗೆ ಬರುವ ಹೊತ್ತಿಗೆ ಮುಖ ಸುಟ್ಟುಹೋಗಿರುತ್ತದೆ.

ನನ್ನ ಮಾತು ನಂಬಬೇಡಿ, ಇವತ್ತು ರಾತ್ರಿ ಮನೆಯಲ್ಲೇ ಮಾಡಿ ನೋಡಿ. ಒಂದು ಬಿಳಿ ಪಂಚೆ, ಒಂದು ಕರಿ ಕಂಬಳಿ ತಗೊಳ್ಳಿ. ಎರಡನ್ನೂ ಹಗ್ಗದ ಮೇಲೆ ಪಕ್ಕಪಕ್ಕದಲ್ಲಿ ಹರವಿ. ಕೋಣೆಯ ದೀಪ ಆರಿಸಿ ಅಥವಾ ಒಂದೇ ಸಣ್ಣ ದೀಪ ಉಳಿಸಿ. ಕ್ಯಾಮೆರಾದಲ್ಲಿ ನೆರಳನ್ನು ತಾನಾಗಿ ಎತ್ತುವ ಆಟೋ ತಿದ್ದುಪಡಿ ಇದ್ದರೆ ಅದನ್ನು ಮುಚ್ಚಿ. ಈಗ ಪಂಚೆ ಮಾತ್ರ ಫ್ರೇಮ್ ತುಂಬುವ ಹಾಗೆ ಒಂದು ಫೋಟೋ ತೆಗೆಯಿರಿ. ಬರೀ ಬಿಳಿಯ ಮೇಲೆ ಫೋಕಸ್ ಹಿಡಿಯಲು ಲೆನ್ಸ್ ಒದ್ದಾಡುತ್ತದೆ, ಅಂಚಿನ ಮೇಲೆ ಹಿಡಿಯಿರಿ. ಆಮೇಲೆ ಕಂಬಳಿ ಮಾತ್ರ. ಎರಡು ಫೋಟೋಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ನೇಯ್ಗೆ ಬಿಟ್ಟರೆ ಯಾವುದು ಪಂಚೆ, ಯಾವುದು ಕಂಬಳಿ ಅಂತ ಹೇಳುವುದು ಕಷ್ಟ. ಎರಡೂ ಬೂದಿ ಮೆತ್ತಿದ ಹಾಗೆ ಬಂದಿರುತ್ತವೆ. ಇನ್ನೂ ಒಂದು ಕೆಲಸ ಇದೆ. ಮನೆಯಲ್ಲಿ ಯಾರನ್ನಾದರೂ ಕರೆದು ಮೊದಲು ಪಂಚೆ ಹೊದಿಸಿ, ಆಮೇಲೆ ಕಂಬಳಿ ಹೊದಿಸಿ, ಅದೇ ದೂರದಿಂದ ತೆಗೆಯಿರಿ. ಮದುವೆಯಲ್ಲಿ ಭಾವನಿಗೆ ಆದದ್ದು ಅವರಿಗೂ ಆಗುತ್ತದೆ.

ಹೊಸ ಕ್ಯಾಮೆರಾಗಳು ಇಷ್ಟು ದಡ್ಡ ಅಲ್ಲ ಅಂತ ಯಾರಾದರೂ ವಾದ ಮಾಡಬಹುದು. ನಿಜ. ಫ್ರೇಮನ್ನು ತುಂಡು ತುಂಡಾಗಿ ಅಳೆಯುತ್ತವೆ, ಕೆಲವು ಲೆನ್ಸ್ ಹೇಳುವ ಫೋಕಸ್ ದೂರವನ್ನೂ ಲೆಕ್ಕಕ್ಕೆ ತಗೊಳ್ಳುತ್ತವೆ. ಅದರಿಂದ ತಪ್ಪು ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಫ್ಲ್ಯಾಶನ್ನು ಛಾವಣಿಗೆ ತಿರುಗಿಸಿದ ಕೂಡಲೇ ಆ ದೂರದ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ.

ಪರಿಹಾರ ಫ್ಲ್ಯಾಶ್ ಕಾಂಪನ್ಸೇಶನ್. ಫ್ಲ್ಯಾಶ್‌ನ ಚಿತ್ರದ ಪಕ್ಕ ಪ್ಲಸ್-ಮೈನಸ್ ಇರುವ ಗುಂಡಿ. ಅದರ ಅಂಕಿ ಸ್ಟಾಪ್ ಲೆಕ್ಕದಲ್ಲಿ. ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು, ಒಂದು ಇಳಿಸಿದರೆ ಅರ್ಧ. ಬಿಳಿ ಪಂಚೆ ಫ್ರೇಮಿನ ಅರ್ಧ ತುಂಬಿದ್ದರೆ ಪ್ಲಸ್ 2/3ರಿಂದ ಶುರು ಮಾಡಿ, ಪೂರ್ತಿ ತುಂಬಿದ್ದರೆ ಪ್ಲಸ್ 1 ಅಥವಾ 1 1/3. ಕಪ್ಪು ಕೋಟಿಗೆ ಮೈನಸ್ 2/3ರಿಂದ ಮೈನಸ್ 1. ಒಬ್ಬರೇ ನಿಂತಿದ್ದಾರೆ, ಹಿಂದೆ ಖಾಲಿ ಕತ್ತಲ ಹಾಲು, ಅದಕ್ಕೂ ಮೈನಸ್ 1. ಯಾಕೆಂದರೆ ಆ ಕತ್ತಲೆಯಿಂದ ಏನೂ ವಾಪಸ್ ಬರುವುದಿಲ್ಲ, ಕ್ಯಾಮೆರಾ ಅದನ್ನೂ ಬೆಳಗಿಸಲು ಹೋಗಿ ಎದುರಿಗಿದ್ದವರನ್ನು ಸುಡುತ್ತದೆ. ತಿಳಿಗುಲಾಬಿ, ತಿಳಿಹಳದಿ ರೇಷ್ಮೆ ಸೀರೆಗೆ ಪ್ಲಸ್ 1/3. ಕಡುಹಸಿರು, ಅರಿಶಿನ, ಕೆಂಪು ಇಂಥವಕ್ಕೆ ಸೊನ್ನೆಯಲ್ಲೇ ಬಿಡಿ. ಮದುಮಗಳ ಹಿಂದೆ ಕನ್ನಡಿಯೋ ಹೊಳೆಯುವ ಸ್ಟೀಲ್ ಅಲಂಕಾರವೋ ಇದ್ದರೆ ಅಂಕಿ ನಂಬಬೇಡಿ. ಫ್ಲ್ಯಾಶ್ ನೇರ ವಾಪಸ್ ಹೊಡೆದು ಕ್ಯಾಮೆರಾ ಹೆದರಿ ಬೆಳಕು ಇಳಿಸುತ್ತದೆ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ತೆಗೆದರೆ ಸರಿಹೋಗುತ್ತದೆ.

ಇಲ್ಲೊಂದು ಗೊಂದಲ ಇದೆ, ತುಂಬಾ ಜನ ಇದರಲ್ಲಿ ಬೀಳುತ್ತಾರೆ. ಈ ಪ್ಲಸ್-ಮೈನಸ್ಸನ್ನು ಕ್ಯಾಮೆರಾದಲ್ಲೂ ಕೊಡಬಹುದು, ಫ್ಲ್ಯಾಶ್ ಮೇಲೂ ಕೊಡಬಹುದು. ಕ್ಯಾನನ್‌ನಲ್ಲಿ ಫ್ಲ್ಯಾಶ್ ಮೇಲೆ ಕೊಟ್ಟದ್ದೇ ನಡೆಯುತ್ತದೆ, ಕ್ಯಾಮೆರಾದ್ದು ಲೆಕ್ಕಕ್ಕಿಲ್ಲ. ನಿಕಾನ್‌ನಲ್ಲಿ ಎರಡೂ ಕೂಡುತ್ತವೆ. ಇಲ್ಲಿ ಪ್ಲಸ್ 1, ಅಲ್ಲಿ ಪ್ಲಸ್ 1 ಇದ್ದರೆ ಒಟ್ಟು ಪ್ಲಸ್ 2. ಒಂದು ಕಡೆ ಮಾತ್ರ ಬದಲಾಯಿಸುವ ಅಭ್ಯಾಸ ಇಟ್ಟುಕೊಳ್ಳಿ. ಮಾಮೂಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ ಗುಂಡಿ ಬೇರೆ, ಅದನ್ನು ಇದಕ್ಕೆ ಬಳಸಬೇಡಿ.

ಅಂಕಿ ನೆನಪಿಡುವುದು ಬೇಜಾರು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಬಟ್ಟೆ ಅಳೆಯಬೇಡ, ಮುಖ ಅಳೆ ಅಂತ ಕ್ಯಾಮೆರಾಗೇ ಹೇಳುವ ದಾರಿ. ಕ್ಯಾನನ್, ಸೋನಿಯಲ್ಲಿ ಎಫ್‌ಇ ಲಾಕ್, ನಿಕಾನ್‌ನಲ್ಲಿ ಎಫ್‌ವಿ ಲಾಕ್. ಮೆನುವಿನಲ್ಲಿ ಅದನ್ನು ಒಂದು ಗುಂಡಿಗೆ ಜೋಡಿಸಿ. ಫ್ರೇಮಿನ ನಡುವಿನ ಬಿಂದುವನ್ನು ಮುಖದ ಮೇಲಿಟ್ಟು ಆ ಗುಂಡಿ ಒತ್ತಿದರೆ ಪ್ರೀ-ಫ್ಲ್ಯಾಶ್ ಆಗಲೇ ಹೊಡೆದು ಲೆಕ್ಕ ಕೂತುಬಿಡುತ್ತದೆ. ಆಮೇಲೆ ಫ್ರೇಮ್ ಸರಿಮಾಡಿಕೊಂಡು ತೆಗೆಯಿರಿ, ಪಂಚೆ ಎಷ್ಟಾದರೂ ಇರಲಿ. ನಮ್ಮವರ ಮೈಬಣ್ಣ ಹೆಚ್ಚಾಗಿ ನಡುಬೂದಿನ ಆಸುಪಾಸಿನಲ್ಲೇ ಇರುವುದರಿಂದ ಇದು ಚೆನ್ನಾಗಿ ಕೂರುತ್ತದೆ. ತುಂಬಾ ಬಿಳಿ ಮೈಬಣ್ಣದವರಿಗೆ ಪ್ಲಸ್ 1/3, ಕಪ್ಪು ಮೈಬಣ್ಣದವರಿಗೆ ಮೈನಸ್ 1/3 ಕೊಡಿ. ಕಪ್ಪಗಿರುವವರನ್ನು ಬೆಳ್ಳಗೆ ಮಾಡಿ ಕೊಡುವ ಚಾಳಿ ನಮ್ಮ ಮದುವೆ ಆಲ್ಬಂಗಳಲ್ಲಿ ಮೊದಲಿನಿಂದ ಇದೆ. ನನಗೆ ಅದು ಹಿಡಿಸುವುದಿಲ್ಲ. ಅಂದಹಾಗೆ ಲಾಕ್ ಒತ್ತಿದಾಗ ಮಿಂಚು ಹೊಡೆಯುತ್ತದಲ್ಲ, ಫೋಟೋ ಆಯ್ತು ಅಂದುಕೊಂಡು ಅಜ್ಜಿಯಂದಿರು ಎದ್ದು ಹೊರಟುಬಿಡುತ್ತಾರೆ. ಮುಂಚೆಯೇ “ಎರಡು ಸಲ ಹೊಡೆಯುತ್ತೆ, ಕೂತಿರಿ” ಅಂತ ಹೇಳಿಬಿಡಿ.

ಈಗ ಸ್ವಲ್ಪ ಬುಡಕ್ಕೆ ಹೋಗೋಣ. ಫ್ಲ್ಯಾಶ್ ಹಾಕಿ ತೆಗೆದ ಒಂದು ಫೋಟೋ ಒಳಗೆ ಎರಡು ಎಕ್ಸ್‌ಪೋಶರ್ ಇರುತ್ತವೆ. ಒಂದು ಛತ್ರದ ದೀಪಗಳದ್ದು, ಇನ್ನೊಂದು ಫ್ಲ್ಯಾಶ್‌ದು. ಫ್ಲ್ಯಾಶ್ ಹೊಡೆದು ಮುಗಿಯುವುದು ತುಂಬಾ ಬೇಗ. ಪೂರ್ತಿ ಶಕ್ತಿಯಲ್ಲೇ ಸೆಕೆಂಡನ್ನು ಕೆಲವು ನೂರು ತುಂಡು ಮಾಡಿದರೆ ಅದರಲ್ಲಿ ಒಂದು ತುಂಡು, ಶಕ್ತಿ ಇಳಿಸಿದಷ್ಟೂ ಸಾವಿರಗಳಲ್ಲಿ ಒಂದು ಭಾಗಕ್ಕೆ ಹೋಗುತ್ತದೆ. ಶಟರ್ 1/60 ಇದ್ದರೂ 1/200 ಇದ್ದರೂ ಫ್ಲ್ಯಾಶ್ ಬೆಳಕು ಅಷ್ಟೇ ಒಳಗೆ ಬರುತ್ತದೆ. ಬದಲಾಗುವುದು ಛತ್ರದ ದೀಪದ ಬೆಳಕು ಮಾತ್ರ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಎರಡೂ ಬೆಳಕಿಗೆ ತಾಗುತ್ತವೆ. ಹಿಂದಿನ ಮಂಟಪ ಕತ್ತಲಾಗಿ ಕಾಣುತ್ತಿದ್ದರೆ ಶಟರ್ ನಿಧಾನ ಮಾಡಿ, ಮುಖ ಕತ್ತಲಾಗಿದ್ದರೆ ಫ್ಲ್ಯಾಶ್ ಏರಿಸಿ. ಎರಡನ್ನೂ ಬೆರೆಸಿ ತಲೆ ಕೆಡಿಸಿಕೊಳ್ಳಬೇಡಿ.

ನಾನು ಛತ್ರಕ್ಕೆ ಹೋದ ಕೂಡಲೇ ಮೊದಲು ಫ್ಲ್ಯಾಶ್ ಆಫ್ ಮಾಡುತ್ತೇನೆ. ಕ್ಯಾಮೆರಾ ಎಂ (ಮ್ಯಾನ್ಯುಯಲ್) ಮೋಡ್, ಆಟೋ ಐಎಸ್‌ಒ ಬಂದ್. ಶಟರ್ 1/100, ಅಪರ್ಚರ್ ಎಫ್ 4, ಐಎಸ್‌ಒ 800ರಲ್ಲಿ ಖಾಲಿ ಮಂಟಪದ ಒಂದು ಫೋಟೋ. ಅದು ನೋಡಲು ಸ್ವಲ್ಪ ಮಬ್ಬಾಗಿ, ಸುಮಾರು ಒಂದು ಸ್ಟಾಪ್ ಅಂಡರ್ ಬರಬೇಕು. ಹೂವಿನ ಅಲಂಕಾರ ಗುರುತಾಗಬೇಕು, ಬೆಳಗಬಾರದು. ಅಷ್ಟು ಸಿಕ್ಕ ಮೇಲೆ ಫ್ಲ್ಯಾಶ್ ಆನ್ ಮಾಡಿ ಮುಖಕ್ಕೆ ಬೇಕಾದ್ದನ್ನು ಅದರಿಂದ ತುಂಬುತ್ತೇನೆ. 1/100 ಯಾಕೆ ಅಂದರೆ ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತವೆ. ಶಟರ್ ಅದಕ್ಕಿಂತ ವೇಗವಾದರೆ ಒಂದು ಫೋಟೋದಲ್ಲಿ ಹಿನ್ನೆಲೆ ಬೆಳಕು, ಇನ್ನೊಂದರಲ್ಲಿ ಕತ್ತಲು, ಕೆಲವೊಮ್ಮೆ ಅಡ್ಡ ಪಟ್ಟಿಗಳೂ ಬರುತ್ತವೆ. ಮಿರರ್‌ಲೆಸ್ ಕ್ಯಾಮೆರಾ ಆಗಿದ್ದರೆ ಎಂ ಮೋಡಿನಲ್ಲಿ ಪರದೆ ಕತ್ತಲಾಗಿ ಕಾಣಬಹುದು. ಮೆನುವಿನಲ್ಲಿ ಎಕ್ಸ್‌ಪೋಶರ್ ತೋರಿಸುವ ಆಯ್ಕೆ ಮುಚ್ಚಿದರೆ ಸರಿಯಾಗುತ್ತದೆ.

ವಿಡಿಯೋದವರ ಲೈಟ್ ಬಗ್ಗೆ ಎಚ್ಚರ. ಅದು ಆನ್ ಇದ್ದಾಗ ಮುಖದ ಮೇಲಿನ ಬೆಳಕೇ ಬೇರೆ, ಆಫ್ ಆದಾಗಲೇ ಬೇರೆ. ಅವರನ್ನು ಬೆಳಿಗ್ಗೆಯೇ ಕಾಫಿ ಜೊತೆ ಮಾತಾಡಿಸಿ ಇಟ್ಟುಕೊಳ್ಳುವುದು ಯಾವ ಸೆಟ್ಟಿಂಗಿಗಿಂತಲೂ ಜಾಸ್ತಿ ಉಪಯೋಗ.

ಇನ್ನು ಮ್ಯಾನ್ಯುಯಲ್ ಫ್ಲ್ಯಾಶ್, ಅಂದರೆ ಫ್ಲ್ಯಾಶ್ ಎಷ್ಟು ಜೋರಾಗಿ ಹೊಡೆಯಬೇಕು ಅಂತ ನೀವೇ ಕೂರಿಸುವುದು. ನೀವು ಕೇಳಿದ ಮುಖ್ಯ ಪ್ರಶ್ನೆ ಇದು. ಮ್ಯಾನ್ಯುಯಲ್ ಫ್ಲ್ಯಾಶ್‌ಗೆ ಬಟ್ಟೆಯ ಬಣ್ಣ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾಗಿರುವುದು ದೂರ ಒಂದೇ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗವಾಗುತ್ತದೆ. ಅಂದರೆ ಎರಡು ಸ್ಟಾಪ್. ಇದನ್ನು ನೆನಪಿಡಲು ಒಂದು ಸುಲಭ ಉಪಾಯ ಇದೆ. ಅಪರ್ಚರ್ ಅಂಕಿಗಳು ನಿಮಗೆ ಗೊತ್ತಲ್ಲ, 4, 5.6, 8, 11, 16. ಅವನ್ನೇ ಅಡಿ ಅಂದುಕೊಳ್ಳಿ. 8 ಅಡಿಯಿಂದ 11 ಅಡಿಗೆ ಹಿಂದೆ ಸರಿದರೆ ಒಂದು ಸ್ಟಾಪ್ ಬೆಳಕು ಕಡಿಮೆ. 11ರಿಂದ 16ಕ್ಕೆ ಇನ್ನೊಂದು. 8ರಿಂದ 5.6ಕ್ಕೆ ಮುಂದೆ ಬಂದರೆ ಒಂದು ಸ್ಟಾಪ್ ಜಾಸ್ತಿ. ಹತ್ತಿರ ಇದ್ದಾಗ ಒಂದೇ ಹೆಜ್ಜೆ ಫೋಟೋ ಕೆಡಿಸುತ್ತದೆ, ದೂರ ಇದ್ದಾಗ ಒಂದು ಹೆಜ್ಜೆಗೆ ಏನೂ ಆಗುವುದಿಲ್ಲ. ಗುಂಪು ಫೋಟೋದಲ್ಲಿ ಮುಂದೆ ಕೂತ ಮಕ್ಕಳು ಸುಟ್ಟು, ಹಿಂದಿನ ಸಾಲಿನ ಮಾವಂದಿರು ಕತ್ತಲಲ್ಲಿ ನಿಂತ ಹಾಗೆ ಬರುವುದು ಇದೇ ಕಾರಣಕ್ಕೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಲೆನ್ಸ್ ಝೂಮ್ ಮಾಡಿದರೆ ಎರಡೂ ಸಾಲು ಹೆಚ್ಚುಕಡಿಮೆ ಒಂದೇ ದೂರಕ್ಕೆ ಬಂದು ಬೆಳಕು ಸಮನಾಗುತ್ತದೆ.

ಲೆಕ್ಕ ಹಾಕಲು ಗೈಡ್ ನಂಬರ್ ಅಂತ ಇದೆ. ದೂರವನ್ನು ಅಪರ್ಚರ್ ಅಂಕಿಯಿಂದ ಗುಣಿಸಿದರೆ ಬರುವುದೇ ಗೈಡ್ ನಂಬರ್. ಡಬ್ಬದ ಮೇಲೆ 60 ಅಂತ ಬರೆದಿರುವುದು ಐಎಸ್‌ಒ 100ಕ್ಕೆ, ಮೀಟರ್ ಲೆಕ್ಕದಲ್ಲಿ, ಅದೂ ಫ್ಲ್ಯಾಶ್ ತಲೆಯನ್ನು 200 ಎಂಎಂಗೆ ಝೂಮ್ ಮಾಡಿದಾಗ. ಮಾರಾಟಕ್ಕೆ ಬೇಕಾದ ಅಂಕಿ ಅದು. ಅಂಥದೇ ಫ್ಲ್ಯಾಶ್‌ನ ತಲೆ 50ರಲ್ಲಿದ್ದಾಗ ಸುಮಾರು 42 ಸಿಗುತ್ತದೆ. ಐಎಸ್‌ಒ 400 ಮಾಡಿದರೆ ಇದು ಎರಡರಷ್ಟು, 84. ಈಗ ಧಾರೆಯ ಜಾಗಕ್ಕೆ ಬನ್ನಿ. ವಧುವರರು ನಿಮ್ಮಿಂದ 3 ಮೀಟರ್, ಅಂದರೆ ಸುಮಾರು 10 ಅಡಿ. 84ನ್ನು 3ರಿಂದ ಭಾಗಿಸಿದರೆ 28. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಎಫ್ 28 ಬೇಕಾಗುತ್ತದೆ. ನಿಮಗೆ ಬೇಕಿರುವುದು ಎಫ್ 5.6. 28 ಅದರ ಐದರಷ್ಟು. ಐದೈದಲಿ ಇಪ್ಪತ್ತೈದು, ಶಕ್ತಿಯ 25ನೇ ಒಂದು ಭಾಗ ಸಾಕು. ಫ್ಲ್ಯಾಶ್‌ನಲ್ಲಿ 1/32 ಇಟ್ಟು 1/3 ಸ್ಟಾಪ್ ಏರಿಸಿದರೆ ಸರಿಯಾಗಿ ಅಲ್ಲಿಗೆ ಬರುತ್ತದೆ. ಇದು ನೇರ ಹೊಡೆದಾಗಿನ ಲೆಕ್ಕ. ಮೇಲೆ ಪ್ಲಾಸ್ಟಿಕ್ ಡಬ್ಬಿ ಹಾಕಿದ್ದರೆ ಒಂದೆರಡು ಸ್ಟಾಪ್ ಜಾಸ್ತಿ ಬೇಕು.

ಹೀಗೆ ಎಲ್ಲ ಫೋಟೋಗೂ ಗುಣಾಕಾರ ಮಾಡಿ ಅನ್ನುತ್ತಿಲ್ಲ. ಒಂದು ಸಲ ಅಂದಾಜು ಸಿಕ್ಕರೆ ಆಮೇಲೆ ಕಣ್ಣೇ ಸಾಕು. ಆದರೆ ಒಂದು ಗಳಿಗೆ ಇದೆ, ಅಲ್ಲಿ ಮಾತ್ರ ನಾನು ಟಿಟಿಎಲ್ ನಂಬುವುದೇ ಇಲ್ಲ. ಅಂತರಪಟ ಸರಿಸುವ ಗಳಿಗೆ. ನೆನಪು ಮಾಡಿಕೊಳ್ಳಿ. ಫ್ರೇಮಿನ ನಡುವೆ ಬಿಳಿ ಬಟ್ಟೆ ಹಿಡಿದಿದ್ದಾರೆ, ಒಂದು ಕಡೆ ಬಿಳಿ ಪಂಚೆ, ಇನ್ನೊಂದು ಕಡೆ ಧಾರೆ ಸೀರೆ. ವಾಲಗದವರು ಗಟ್ಟಿಮೇಳ ಶುರು ಮಾಡುತ್ತಾರೆ. ಬಟ್ಟೆ ಕೆಳಗೆ ಬರುತ್ತದೆ, ಜೀರಿಗೆ ಬೆಲ್ಲ ಹಾರುತ್ತದೆ, ಅಕ್ಕಿ ಕಾಳು ಬೀಳುತ್ತದೆ. ಬಟ್ಟೆ ಮೇಲಿದ್ದಾಗ ಕ್ಯಾಮೆರಾ ಒಂದು ಲೆಕ್ಕ ಹಾಕುತ್ತದೆ, ಅರ್ಧ ಇಳಿದಾಗ ಇನ್ನೊಂದು, ಪೂರ್ತಿ ಹೋದಾಗ ಮತ್ತೊಂದು. ಮೂರು ಫೋಟೋ, ಮೂರು ಥರದ ಮುಖ. ಪಕ್ಕದವರ ಫ್ಲ್ಯಾಶ್ ಅದೇ ಕ್ಷಣಕ್ಕೆ ಹೊಡೆದರೆ ಒಂದು ಫೋಟೋ ಪೂರ್ತಿ ಓವರ್, ಅಂದರೆ ಬೆಳಕು ಮಿತಿಮೀರಿ ಸುಟ್ಟ ಹಾಗೆ. ಪುರೋಹಿತರನ್ನು ಇನ್ನೊಂದು ಸಲ ಮಾಡಿ ಅಂತ ಕೇಳುವಂತಿಲ್ಲ. ಆದರೆ ದೂರ ಅಲ್ಲಿ ಬದಲಾಗುವುದಿಲ್ಲ ನೋಡಿ. ಹಸೆಮಣೆ ಅಲ್ಲೇ ಇರುತ್ತದೆ, ನೀವು ಹಿಡಿದ ಜಾಗವೂ ಅದೇ. ಹಾಗಾಗಿ ಹತ್ತು ನಿಮಿಷ ಮುಂಚೆ ಅದೇ ಜಾಗದಲ್ಲಿ ನಿಂತು, ಹಸೆಮಣೆ ಹತ್ತಿರ ಯಾರನ್ನಾದರೂ ನಿಲ್ಲಿಸಿ, ಅವರ ಮುಖ ಸರಿ ಬರುವ ತನಕ ಮ್ಯಾನ್ಯುಯಲ್‌ನಲ್ಲಿ ಶಕ್ತಿ ಹೊಂದಿಸಿಟ್ಟುಕೊಳ್ಳಿ. ಆಮೇಲೆ ಹಿಂದೆ ಮುಂದೆ ಸರಿಯಬೇಡಿ. ಫ್ಲ್ಯಾಶ್ ತಲೆಯ ಝೂಮನ್ನು ಆಟೋದಿಂದ ತೆಗೆದು ಒಂದು ಅಂಕಿಗೆ ಕಟ್ಟಿಬಿಡಿ. ಇಲ್ಲದಿದ್ದರೆ ನೀವು ಲೆನ್ಸ್ ಝೂಮ್ ಮಾಡಿದಾಗ ಅದೂ ತಾನಾಗಿ ಝೂಮ್ ಆಗಿ ಬೆಳಕು ಏರುಪೇರಾಗುತ್ತದೆ. ಇದು ನನಗೆ ಗೊತ್ತಾಗಲು ಎರಡು ಮದುವೆ ಬೇಕಾಯಿತು.

ಅಂದರೆ ದೂರ ನಿಂತಲ್ಲೇ ನಿಂತಿರುವ ಕಡೆ ಮ್ಯಾನ್ಯುಯಲ್. ಧಾರೆ, ಆರತಕ್ಷತೆಯ ವೇದಿಕೆಯ ಸಾಲು, ಗುಂಪು ಫೋಟೋ. ಜನ ಓಡಾಡುತ್ತಿರುವ ಕಡೆ, ಊಟದ ಹಾಲಿನಲ್ಲಿ, ವರಪೂಜೆಗೆ ಬಾಗಿಲಿನಿಂದ ಬರುವಾಗ, ಮಕ್ಕಳ ಹಿಂದೆ ಓಡುವಾಗ ಟಿಟಿಎಲ್, ಬಟ್ಟೆ ನೋಡಿ ಪ್ಲಸ್-ಮೈನಸ್.

ಇಲ್ಲಿಯವರೆಗೆ ಹೇಳಿದ್ದು ನೇರ ಹೊಡೆಯುವ ಫ್ಲ್ಯಾಶ್. ಬೌನ್ಸ್ ಹೊಡೆದರೆ, ಅಂದರೆ ಫ್ಲ್ಯಾಶನ್ನು ಛಾವಣಿಗೋ ಗೋಡೆಗೋ ಹೊಡೆದು ವಾಪಸ್ ಬಂದ ಬೆಳಕಲ್ಲಿ ತೆಗೆದರೆ, ಮುಖ ಚೆನ್ನಾಗಿ ಬರುತ್ತದೆ, ಸಂಶಯವೇ ಇಲ್ಲ. ಆದರೆ ದೂರದ ಲೆಕ್ಕ ಬದಲಾಗುತ್ತದೆ. ಫ್ಲ್ಯಾಶಿನಿಂದ ಛಾವಣಿಗೆ, ಛಾವಣಿಯಿಂದ ಮುಖಕ್ಕೆ, ಎರಡೂ ಸೇರಿಸಬೇಕು. ಜೊತೆಗೆ ಛಾವಣಿ ಸ್ವಲ್ಪ ನುಂಗುತ್ತದೆ. ಮನೆಯ ಬಿಳಿ ಛಾವಣಿಗೆ ಎರಡು ಮೂರು ಸ್ಟಾಪ್ ಕೊಟ್ಟರೆ ಸಾಕು. ಛತ್ರದ ಛಾವಣಿ 20 ಅಡಿ ಎತ್ತರ ಇದ್ದರೆ ಪೂರ್ತಿ ಶಕ್ತಿಯಲ್ಲಿ ಹೊಡೆದರೂ ಸಾಲುವುದಿಲ್ಲ, ಐಎಸ್‌ಒ 1600ಕ್ಕೆ ಏರಿಸದೆ ಗತ್ಯಂತರ ಇಲ್ಲ. ಹತ್ತಿರದಲ್ಲಿ ಬಿಳಿ ಗೋಡೆ ಇದ್ದರೆ ಅದಕ್ಕೆ ಹೊಡೆಯಿರಿ, ಪಕ್ಕದಿಂದ ಬಂದ ಬೆಳಕು ಇನ್ನೂ ಚೆಂದ. ಗೋಡೆಯ ಬಣ್ಣ ಮಾತ್ರ ನೋಡಿಕೊಳ್ಳಿ. ಗಿಳಿಹಸಿರು ಗೋಡೆಗೆ ಬೌನ್ಸ್ ಹೊಡೆದರೆ ಮದುಮಗಳಿಗೆ ಕಾಮಾಲೆ ಬಂದ ಹಾಗಿರುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಫಿಲ್ಮ್ ಕಾಲ. ಶೃಂಗೇರಿ ಕಡೆ ಒಂದು ತೊಟ್ಟಿ ಮನೆಯಲ್ಲಿ ನೆಂಟರ ಉಪನಯನ. ಬೌನ್ಸ್ ಅನ್ನುವುದನ್ನು ಆಗಷ್ಟೇ ಕಲಿತಿದ್ದೆ, ಎಲ್ಲಿ ನೋಡಿದರೂ ಫ್ಲ್ಯಾಶ್ ತಲೆ ಮೇಲಕ್ಕೆ. ಆ ಮನೆಗೆ ಛಾವಣಿ ಅಂದರೆ ಹೆಂಚು, ಅದರ ಕೆಳಗೆ ನೂರು ವರ್ಷದ ಹೊಗೆ ಹಿಡಿದು ಕಪ್ಪಾದ ಜಂತಿ. ಐಎಸ್‌ಒ 100ರ ಫಿಲ್ಮು. 36 ಫೋಟೋಗಳ ರೋಲು ತೊಳೆದು ಬಂದಾಗ ವಟುವಿನ ಬೋಳಿಸಿದ ತಲೆ ಒಂದು ಮಾತ್ರ ಮಿನುಗುತ್ತಿತ್ತು, ಮಿಕ್ಕಿದ್ದೆಲ್ಲ ಕಂದುಗತ್ತಲು. ಬೆಳಕು ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಚಿಕ್ಕಮ್ಮ ಇವತ್ತಿಗೂ ಕೇಳುತ್ತಾರೆ, “ಆ ಫೋಟೋ ತೊಳೆಸಿ ತಂದ್ಯೇನೋ?”

ನಿಮ್ಮ ನಡುನಡುವಿನ ಕಪ್ಪು ಫೋಟೋಗಳಿಗೆ ಕಾರಣ ಬಹುಶಃ ಬೇರೆಯೇ. ಅವುಗಳ ಸಮಯ ನೋಡಿ. ಒಂದರ ಹಿಂದೆ ಒಂದು ಸರಸರ ತೆಗೆದಾಗ ಮೊದಲನೆಯದು ಸರಿ, ಎರಡನೆಯದು ಮೂರನೆಯದು ಕತ್ತಲು ಅಂತಾದರೆ ಫ್ಲ್ಯಾಶ್ ತುಂಬಿಕೊಳ್ಳುವುದರೊಳಗೆ ನೀವು ಒತ್ತಿದ್ದೀರಿ. ಪೂರ್ತಿ ಶಕ್ತಿಯಲ್ಲಿ ಹೊಡೆದ ಮೇಲೆ ಮತ್ತೆ ತುಂಬಿಕೊಳ್ಳಲು ಹಲವು ಸೆಕೆಂಡು ಬೇಕು, ಸೆಲ್ ಹಳತಾದರೆ ಇನ್ನೂ ಜಾಸ್ತಿ. ಹಲವು ಫ್ಲ್ಯಾಶ್‌ಗಳಲ್ಲಿ ಸಿದ್ಧ ಅನ್ನುವ ಕೆಂಪು ದೀಪ ಪೂರ್ತಿ ತುಂಬುವ ಮುಂಚೆಯೇ ಹತ್ತಿಕೊಳ್ಳುತ್ತದೆ, ಅದನ್ನೂ ನಂಬುವಂತಿಲ್ಲ. ಅಂಗಡಿಯ ಮಾಮೂಲಿ ಸೆಲ್ ಬಿಟ್ಟು ಚಾರ್ಜ್ ಮಾಡುವ ಒಳ್ಳೆಯ ಸೆಲ್ ಎರಡು ಜೊತೆ ಇಟ್ಟುಕೊಳ್ಳಿ. ಐಎಸ್‌ಒ 400 ಇದ್ದದ್ದನ್ನು 800 ಮಾಡಿದರೆ ಫ್ಲ್ಯಾಶ್‌ಗೆ ಅರ್ಧ ಕೆಲಸ ಉಳಿಯುತ್ತದೆ. ಫೋಟೋದ ಒಂದು ಅಂಚಿನಲ್ಲಿ ಮಾತ್ರ ಕಪ್ಪು ಪಟ್ಟಿ ಬಂದಿದ್ದರೆ ಅದು ಸಿಂಕ್ ತಪ್ಪಿದ್ದು, ಅಂದರೆ ಶಟರ್ ಪೂರ್ತಿ ತೆರೆದಿಲ್ಲದಾಗ ಫ್ಲ್ಯಾಶ್ ಹೊಡೆದದ್ದು. ಶಟರ್ 1/200 ದಾಟಿಸಬೇಡಿ, ಕೆಲವು ಕ್ಯಾಮೆರಾಗಳಲ್ಲಿ 1/250. ಅದಕ್ಕಿಂತ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಇದೆ, ಆದರೆ ಅದರಲ್ಲಿ ಫ್ಲ್ಯಾಶ್‌ನ ಶಕ್ತಿ ತುಂಬಾ ಸೋರಿಹೋಗುತ್ತದೆ, ಛತ್ರದ ಒಳಗೆ ಬೇಕಾಗಿಲ್ಲ.

ಫೋಟೋ ಸರಿ ಬಂತೋ ಇಲ್ಲವೋ ಅಂತ ಹಿಂದಿನ ಪರದೆ ನೋಡಿ ತೀರ್ಮಾನಿಸಬೇಡಿ. ಮಬ್ಬುಗತ್ತಲ ಹಾಲಿನಲ್ಲಿ ಪರದೆ ಎಲ್ಲವನ್ನೂ ಬೆಳ್ಳಗೆ ತೋರಿಸುತ್ತದೆ, ಮನೆಗೆ ಬಂದರೆ ಕತ್ತಲು. ಹಿಸ್ಟೋಗ್ರಾಂ ತೆರೆಯಿರಿ. ಫೋಟೋದಲ್ಲಿ ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಅದೂ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು. ಕೆಂಪು ರೇಷ್ಮೆ, ಕುಂಕುಮ ಇದ್ದಾಗ ಕೆಂಪು ಗೀಟು ಬಲಗೋಡೆಗೆ ಮೊದಲು ಹೊಡೆಯುತ್ತದೆ, ಸೀರೆಯ ನೇಯ್ಗೆ ಅಳಿಸಿ ಬರೀ ಕೆಂಪು ಬಣ್ಣದ ಮುದ್ದೆ ಉಳಿಯುತ್ತದೆ. ಓವರ್ ಆದ ಜಾಗ ಮಿಟುಕುವ ಆಯ್ಕೆಯನ್ನೂ ಹಾಕಿಡಿ. ಜರಿ, ಒಡವೆ, ಬಾಸಿಂಗದ ಹೊಳಪು ಮಿಟುಕಿದರೆ ಪರವಾಗಿಲ್ಲ, ಬಿಡಿ. ಹಣೆ, ಮೂಗಿನ ತುದಿ ಮಿಟುಕಿದರೆ ಮಾತ್ರ ಇಳಿಸಿ.

ಫ್ಲ್ಯಾಶ್ ಮೀಟರ್ ಬೇಡ. ಒಳ್ಳೆಯ ಸಾಮಾನೇ, ನನ್ನ ಹತ್ತಿರವೂ ಇದೆ. ಗಲ್ಲದ ಕೆಳಗೆ ಹಿಡಿದರೆ ಬೀಳುವ ಬೆಳಕನ್ನೇ ಅಳೆಯುತ್ತದೆ, ಪಂಚೆಯೋ ಕೋಟೋ ಅದಕ್ಕೆ ಸಂಬಂಧವಿಲ್ಲ. ಸ್ಟುಡಿಯೋದಲ್ಲಿ, ಒಡವೆ ಅಂಗಡಿಯ ಕೆಲಸದಲ್ಲಿ ಬಹಳ ಉಪಯೋಗ. ಮುಹೂರ್ತದ ಹೊತ್ತಿಗೆ ವರನ ಗಲ್ಲದ ಕೆಳಗೆ ಹಿಡಿಯಲು ಯಾರು ಬಿಡುತ್ತಾರೆ ಹೇಳಿ? ಆ ದುಡ್ಡಿಗೆ ಇನ್ನೊಂದು ಫ್ಲ್ಯಾಶ್ ಬರುತ್ತದೆ, ಸೆಲ್ ಕೈಕೊಟ್ಟಾಗ ಅದೇ ಆಪದ್ಬಾಂಧವ.

ಉಳಿದದ್ದು ತೆಗೆದಿರುವ ಫೋಟೋಗಳು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಇಟ್ಟಿದ್ದರೆ ಧಾರೆಯ ಫೋಟೋಗಳ ಬಗ್ಗೆ ಚಿಂತೆ ಬೇಡ. ಒಂದೂಕಾಲು, ಒಂದೂವರೆ ಸ್ಟಾಪ್ ಎತ್ತಿದರೂ ಮುಖ ಚೆನ್ನಾಗಿಯೇ ಬರುತ್ತದೆ, ನೆರಳಲ್ಲಿ ಸ್ವಲ್ಪ ಕಾಳುಕಾಳಾದ ಚುಕ್ಕೆ ಕಾಣಬಹುದು ಅಷ್ಟೇ, ಅಚ್ಚಾದಾಗ ಅದೂ ಕಾಣುವುದಿಲ್ಲ. ಜೆಪೆಗ್ ಮಾತ್ರ ಇದ್ದರೆ ಮುಕ್ಕಾಲು ಸ್ಟಾಪಿಗೆ ನಿಲ್ಲಿಸಿ. ಸಂಜೆಯ ಫೋಟೋಗಳಲ್ಲಿ ಮುಖ ಎಲ್ಲಿ ಮಿಟುಕುತ್ತಿಲ್ಲವೋ ಅವನ್ನು ಇಳಿಸಿ ನೋಡಿ, ಕೋಟು ಮತ್ತೆ ಕಪ್ಪಾಗುತ್ತದೆ. ಹಣೆ ಪೂರ್ತಿ ಬಿಳುಚಿದ್ದರಲ್ಲಿ ಏನೂ ಉಳಿದಿಲ್ಲ, ಇಳಿಸಿದರೆ ಬಿಳಿ ಹೋಗಿ ಬೂದಾಗುತ್ತದೆ. ಅಂಥವನ್ನು ಅಕ್ಕನಿಗೆ ತೋರಿಸಲೇಬೇಡಿ.